ಹಡೆದವ್ವನ ಜಡ್ಡು, ಕೂಸಿನ ಹಾಲು

ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟ ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಬಯಲಿಗಿಳಿದು ಅಲ್ಲಿ ಭತ್ತದ ಹಸುರನ್ನು ಹಾಸುತ್ತದೆ. ಅದೇ ಕೊಪ್ಪಳ ಜಿಲ್ಲೆಯಲ್ಲಿ ಕುಷ್ಟಗಿ, ಯಲಬುರ್ಗಾಗಳ ಕಡೆಗೆ ಮೋರೆ ತಿರುಗಿಸಿದರೆ, ಬಹುಪಾಲು ಮಳೆಯನ್ನೇ ನಂಬಿದ ಹೊಲಗಳಲ್ಲಿ ಜೋಳ, ಸಜ್ಜೆ, ಹೆಸರು, ಕಡಲೆಗಳು ಆಕಾಶವನ್ನು ನೋಡುತ್ತ ನಿಂತಿರುತ್ತವೆ, ಊರಿನವರು ತಲೆಮಾರುಗಳಿಂದ ನೆಲದೊಳಗಿನ ನೀರನ್ನೇ ಎತ್ತಿ ಕುಡಿಯುತ್ತ ಬಂದಿರುತ್ತಾರೆ. ಭೂಮಿ ಬೇರೆ, ಬೆಳೆ ಬೇರೆ, ನೀರು ಬೇರೆ. ಆದರೆ ಗಂಗಾವತಿಯ ಗದ್ದೆಯಂಚಿನಲ್ಲಿ ಹುಟ್ಟಿದ ಕೂಸಿಗೂ ಯಲಬುರ್ಗಾದ ಮಣ್ಣಿನ ಮಾಳಿಗೆಯಡಿಯಲ್ಲಿ ಹುಟ್ಟಿದ ಕೂಸಿಗೂ ಮೊದಲ ಆರು ತಿಂಗಳ ಆಹಾರವು ಒಂದೇ. ಅದು ಹಡೆದವ್ವನ ಎದೆಹಾಲು. ಆ ಹಡೆದವ್ವನಿಗೇ ಜಡ್ಡಾದರೆ ಆ ಹಾಲಿನ ಗತಿಯೇನು, ಕೂಸಿನ ಗತಿಯೇನು ಎಂಬುದೇ ಈ ಲೇಖನದ ವಿಚಾರ.

ಈ ಪ್ರಶ್ನೆಯು ಆಸ್ಪತ್ರೆಗೆ ಹೋಗುವುದಕ್ಕೆ ಮುಂಚೆ ಮನೆಯಲ್ಲಿಯೇ ಏಳುತ್ತದೆ, ಹಲವು ವೇಳೆ ಮನೆಯಲ್ಲಿಯೇ ತೀರ್ಮಾನವೂ ಆಗಿಬಿಡುತ್ತದೆ. ಬಾಣಂತಿಗೆ ಜ್ವರ ಬಂದಿತು, ಕೆಮ್ಮು ನಿಲ್ಲಲಿಲ್ಲ, ಕಾಮಾಲೆಯೆಂದರು, ಗುಳಿಗೆಗಳ ಚೀಟಿ ಬರೆದುಕೊಟ್ಟರು ಎಂಬಷ್ಟರಲ್ಲಿ, ಜಡ್ಡಾದವಳ ಹಾಲು ಕೂಸಿಗೆ ನಂಜು ಎಂಬ ಮಾತನ್ನು ಯಾರಾದರೊಬ್ಬರು ಆಡುತ್ತಾರೆ. ಬೇವಿನ ಸೊಪ್ಪನ್ನು ಅರೆದು ಎದೆಗೆ ಹಚ್ಚಲಾಗುತ್ತದೆ, ಇಲ್ಲವೆ ಕೂಸನ್ನು ಅಜ್ಜಿಯ ಮಗ್ಗುಲಿಗೆ ಕಳುಹಿಸಲಾಗುತ್ತದೆ. ಹೀಗೆ ಮಾಡುವವರು ಕೂಸಿನ ಹಿತವನ್ನೇ ಬಯಸಿದವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿತವನ್ನು ಬಯಸುವುದು ಒಂದು, ಹಿತವನ್ನು ಅರಿಯುವುದು ಇನ್ನೊಂದು. ಎರಡನೆಯದಿಲ್ಲದಾಗ ಮೊದಲನೆಯದು ಎಷ್ಟೋ ಕೂಸುಗಳಿಗೆ ತಮ್ಮ ಪಾಲಿನ ರಕ್ಷೆಯನ್ನು ತಪ್ಪಿಸಿದೆ.

ಮೊತ್ತಮೊದಲು ಹೇಳಬೇಕಾದ ಮಾತೆಂದರೆ, ತಾಯಿಗೆ ಬರುವ ರೋಗಗಳಲ್ಲಿ ಹಾಲು ಬಿಡಿಸಲೇಬೇಕಾದವು ಅತ್ಯಲ್ಪ. ನೆಗಡಿ, ವಿಷಮಶೀತ ಜ್ವರ, ಮಲೇರಿಯಾ, ಡೆಂಗಿ ಮೊದಲಾದ ಸಾಮಾನ್ಯ ಜ್ವರಗಳಲ್ಲಿ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ತಾಯಿಯ ದೇಹವು ರೋಗಾಣುವಿನೊಡನೆ ಹೋರಾಡುವಾಗ ಅದಕ್ಕೆಂದೇ ನಿರ್ಮಿಸಿಕೊಳ್ಳುವ ಪ್ರತಿಕಾಯಗಳು ಹಾಲಿನಲ್ಲಿಯೂ ಇಳಿಯುತ್ತವೆ. ಆಕೆಗೆ ಜ್ವರ ಕಾಣಿಸಿಕೊಳ್ಳುವ ಹೊತ್ತಿಗೆ, ಅವಳ ಮಡಿಲಲ್ಲೇ ಇದ್ದ ಕೂಸಿಗೆ ಆ ರೋಗಾಣುವಿನ ಸಂಪರ್ಕವು ಬಹುಮಟ್ಟಿಗೆ ಆಗಿಯೇ ಇರುತ್ತದೆಯಾಗಿ, ಅದೇ ಗಳಿಗೆಯಲ್ಲಿ ಹಾಲನ್ನು ನಿಲ್ಲಿಸುವುದೆಂದರೆ ಬಾಣ ಬಂದಾಗ ಗುರಾಣಿಯನ್ನು ಕಸಿದುಕೊಂಡಂತಾಗುತ್ತದೆ. ರಕ್ತಹೀನತೆಯೂ ಹಾಲು ಬಿಡಿಸಲು ಕಾರಣವಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತರ ಪ್ರಾಯದ ಸ್ತ್ರೀಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರೆಂದು ಕಂಡಿತು. ರಕ್ತ ಕಡಿಮೆಯಾದವಳಿಗೆ ಕೊಡಬೇಕಾದುದು ಕಬ್ಬಿಣಾಂಶದ ಮಾತ್ರೆ, ಹೊಟ್ಟೆತುಂಬ ಊಟ, ಒಂದಿಷ್ಟು ವಿಶ್ರಾಂತಿ. ಇವನ್ನು ಕೊಡದೆ ಕೂಸನ್ನು ಎದೆಯಿಂದ ತೆಗೆದರೆ ತಾಯಿಯ ರಕ್ತವು ಹೆಚ್ಚುವುದಿಲ್ಲ.

ಕ್ಷಯವೆಂದರೆ ಮನೆಮಂದಿ ಬೆಚ್ಚುವುದು ಸಹಜ. ಆದರೆ ಕ್ಷಯದ ಕ್ರಿಮಿಯು ಕೂಸಿಗೆ ದಾಟುವುದು ಕೆಮ್ಮಿದ ಗಾಳಿಯ ಮೂಲಕವೇ ಹೊರತು, ಎದೆಯಲ್ಲೇ ಕ್ಷಯದ ಹುಣ್ಣಿರುವ ಅಪೂರ್ವ ಸಂದರ್ಭವನ್ನು ಬಿಟ್ಟರೆ, ಹಾಲಿನ ಮೂಲಕವಲ್ಲ. ಆದುದರಿಂದ ತಾಯಿಯು ಬಾಯಿ ಮೂಗುಗಳನ್ನು ಮುಚ್ಚಿಕೊಂಡು ಗಾಳಿಯಾಡುವ ಜಾಗದಲ್ಲಿ ಹಾಲೂಡಿಸಬೇಕು, ಔಷಧಿಯನ್ನು ಒಂದು ದಿನವೂ ತಪ್ಪಿಸಬಾರದು, ಕೂಸಿಗೆ ವೈದ್ಯರು ಹೇಳಿದ ಮುಂಜಾಗ್ರತೆಯ ಮದ್ದನ್ನು ಕೊಡಿಸಬೇಕು. ಹೆಪಟೈಟಿಸ್ ಬಿ ಇದ್ದ ತಾಯಿಯ ಕೂಸಿಗೆ ಹುಟ್ಟಿದ ಇಪ್ಪತ್ನಾಲ್ಕು ತಾಸಿನೊಳಗೆ ಲಸಿಕೆಯನ್ನೂ ಅದರೊಡನೆ ರಕ್ಷಕ ಚುಚ್ಚುಮದ್ದನ್ನೂ ಕೊಟ್ಟರೆ ಆ ತಾಯಿಯೂ ಹಾಲೂಡಿಸಬಹುದು. ಸಕ್ಕರೆ ಕಾಯಿಲೆಯ ಇನ್ಸುಲಿನ್, ಥೈರಾಯಿಡ್ ಕುಂದಿದವರು ನುಂಗುವ ಥೈರಾಕ್ಸಿನ್, ರಕ್ತದೊತ್ತಡದ ಹಲವು ಮಾತ್ರೆಗಳು, ಮೂರ್ಛೆರೋಗದ ಬಹುತೇಕ ಔಷಧಿಗಳು ಇವೆಲ್ಲವೂ ವೈದ್ಯರ ಕಣ್ಗಾವಲಿನಲ್ಲಿ ಹಾಲೂಡಿಕೆಯೊಡನೆ ಸಾಗಬಲ್ಲವು. ಶಸ್ತ್ರಚಿಕಿತ್ಸೆಯಾದವಳು ಅರಿವಳಿಕೆಯಿಂದ ಎಚ್ಚೆತ್ತು ಕೂಸನ್ನು ಹಿಡಿದುಕೊಳ್ಳಬಲ್ಲಳಾದರೆ ಸಾಮಾನ್ಯವಾಗಿ ಹಾಲನ್ನೂ ಕೊಡಬಲ್ಲಳು; ಎಕ್ಸ್-ರೇ ತೆಗೆಸಿಕೊಂಡ ಮಾತ್ರಕ್ಕೆ ಹಾಲು ಕೆಡುವುದಿಲ್ಲ.

ಹಾಲು ಕಟ್ಟಿಕೊಂಡು ಎದೆ ಬಾತಾಗ ನಮ್ಮ ಕಡೆ ಮೊದಲು ನಿಲ್ಲಿಸುವುದೇ ಆ ಎದೆಯ ಹಾಲನ್ನು. ನಿಜವಾಗಿ ಆಗಬೇಕಾದುದು ಅದಕ್ಕೆ ವಿರುದ್ಧ. ಕೂಸು ಚೀಪುತ್ತಿದ್ದರೆ ಕಟ್ಟಿದ್ದು ಕರಗುತ್ತದೆ, ನಿಲ್ಲಿಸಿದರೆ ಬಾವು ಕೀವಾಗಿ ಕತ್ತರಿಯ ತನಕ ಹೋಗಬಹುದು. ಬಾಣಂತಿಗೆ ಮನಸ್ಸು ಕುಗ್ಗುವ ಜಡ್ಡೂ ಒಂದುಂಟು. ಕಾರಣವಿಲ್ಲದ ಅಳು, ನಿದ್ರೆಗೇಡು, ಕೂಸಿನ ಮೇಲೆಯೇ ಬೇಸರ ಇವು ಅದರ ಲಕ್ಷಣಗಳು. ಇದನ್ನು ಸೋಮಾರಿತನವೆಂದೋ ಗಾಳಿ ಸೋಕಿತೆಂದೋ ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದಕ್ಕೂ ಹಾಲೂಡಿಸುವವರಿಗೆ ಒಗ್ಗುವ ಔಷಧಿಗಳಿವೆ. ಆದರೂ ಅಂಥ ತಾಯಿಗೆ ಹಾಲೂಡಿಸುವುದೇ ಹೊರಲಾರದ ಹೊರೆಯಾಗಿ, ಬಿಡಿಸಿದರೆ ಆಕೆ ಚೇತರಿಸಿಕೊಳ್ಳುವಳೆಂದು ಅವಳಿಗೂ ವೈದ್ಯರಿಗೂ ತೋರಿದಲ್ಲಿ, ಬಿಡಿಸುವುದು ಅಪರಾಧವಲ್ಲ. ಕೂಸಿಗೆ ಹಾಲು ಬೇಕಾದಂತೆಯೇ ಬದುಕಿರುವ, ನಗುವ ತಾಯಿಯೂ ಬೇಕು.

ಇನ್ನು ಹಾಲು ಬಿಡಿಸಲೇಬೇಕಾದ ಸಂದರ್ಭಗಳು. ಕ್ಯಾನ್ಸರಿಗೆ ಕೀಮೋಥೆರಪಿ ಕೊಡುವಾಗ ಆ ತೀಕ್ಷ್ಣೌಷಧಗಳು ಹಾಲಿನಲ್ಲಿ ಇಳಿದು ಕೂಸಿನ ಬೆಳೆಯುವ ಜೀವಕೋಶಗಳಿಗೆ ಎರವಾಗುವುದರಿಂದ ಹಾಲೂಡಿಸುವಂತಿಲ್ಲ. ಥೈರಾಯಿಡ್ ಗ್ರಂಥಿಯ ಚಿಕಿತ್ಸೆಗೆ ವಿಕಿರಣಶೀಲ ಅಯೋಡಿನ್ ಕೊಡುವುದಾದರೆ, ಕೊಡುವ ದಿನ ನಿಲ್ಲಿಸಿದರೆ ಸಾಲದು, ಕೆಲವು ವಾರಗಳ ಮುಂಚೆಯೇ ಪೂರ್ಣವಾಗಿ ಬಿಡಿಸಿರಬೇಕು. ಏಕೆಂದರೆ ಅಯೋಡಿನ್ ಎಂಬುದು ಹಾಲೂಡುವ ಎದೆಯಲ್ಲಿ ಸಂಗ್ರಹವಾಗುವ ಗುಣವುಳ್ಳದ್ದು, ಅಲ್ಲಿಂದ ಕೂಸಿನ ಎಳೆಯ ಗ್ರಂಥಿಗೆ ಸೇರುವಂಥದು. ಇಂಥ ಸಂದರ್ಭಗಳಲ್ಲಿ ವೈದ್ಯರು ಬಿಡಿಸಿರೆಂದರೆ ತಾಯಿಯು ಮನಸ್ಸಿನಲ್ಲಿ ಅಳುಕದೆ ಬಿಡಿಸಬೇಕು. ಮತ್ತೆ ಕೆಲವು ಔಷಧಿಗಳಿಗೆ ಕೆಲವು ತಾಸು ಅಥವಾ ಕೆಲವು ದಿನಗಳ ವಿರಾಮ ಸಾಕಾಗುತ್ತದೆ. ಆಗ ಹಾಲನ್ನು ಹೊತ್ತುಹೊತ್ತಿಗೆ ಕೈಯಿಂದ ಹಿಂಡಿ ಚೆಲ್ಲುತ್ತಿದ್ದರೆ ಎದೆ ಬತ್ತದೆ ಉಳಿದು, ವಿರಾಮ ಮುಗಿದ ದಿನ ಕೂಸು ತನ್ನ ಜಾಗಕ್ಕೆ ಮರಳುತ್ತದೆ. ತಿಳಿಯದೆ ನಿಲ್ಲಿಸಿಬಿಟ್ಟವರು ಕೂಡ ಕೂಸನ್ನು ಮತ್ತೆ ಮತ್ತೆ ಎದೆಗಿಟ್ಟು ಹಾಲನ್ನು ಮರಳಿ ತಂದುಕೊಂಡ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ.

ಈ ವಿಷಯದಲ್ಲಿ ಕೊಪ್ಪಳ ಜಿಲ್ಲೆಯು ಮಿಕ್ಕ ಹಲವು ಜಿಲ್ಲೆಗಳಿಗಿಂತ ಹೆಚ್ಚು ಕಠಿನವಾದ ಪರೀಕ್ಷೆಯೊಂದನ್ನು ಎದುರಿಸಿದೆ. ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು, ಅವುಗಳೊಡನೆ ಕೊಪ್ಪಳವೂ, ದೇಶದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಪ್ರದೇಶಗಳ ಸಾಲಿನಲ್ಲಿದ್ದವು. ಗಂಡಂದಿರು ದುಡಿಮೆಯನ್ನರಸಿ ಗುಳೆ ಹೋಗಿ ಮರಳುವ ಸೀಮೆಯಲ್ಲಿ, ತಾನು ಯಾವ ತಪ್ಪನ್ನೂ ಮಾಡದ ಗರ್ಭಿಣಿಯು ತಪಾಸಣೆಯ ದಿನ ಮೊದಲ ಬಾರಿಗೆ ತನ್ನ ಸೋಂಕನ್ನು ಅರಿತು, ಆ ಕ್ಷಣದಿಂದಲೇ ತನ್ನ ಹಾಲಿನ ವಿಷಯದಲ್ಲಿ ನಿರ್ಣಯ ಮಾಡಬೇಕಾದ ಪ್ರಸಂಗಗಳು ಬಂದವು. ಔಷಧಿಯಿಲ್ಲದಿದ್ದರೆ ಹಾಲಿನ ಮೂಲಕ ನೂರು ಕೂಸುಗಳಲ್ಲಿ ಐದರಿಂದ ಇಪ್ಪತ್ತಕ್ಕೆ ಸೋಂಕು ತಗಲಬಹುದೆಂಬುದು ನಿಜವೇ. ಆ ಭಯದಲ್ಲಿ ಹಾಲನ್ನೇ ಕೊಡಬೇಡಿರಿ, ಕೊಟ್ಟರೂ ಬೇಗನೆ ಥಟ್ಟನೆ ಬಿಡಿಸಿರಿ ಎಂಬ ಉಪದೇಶವು ಆ ಕಾಲದಲ್ಲಿ ಲೋಕದ ನಾನಾ ಕಡೆ ನಡೆಯಿತು.

ಅನುಭವವು ಆ ಉಪದೇಶವನ್ನು ತಿದ್ದಿತು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವು, ಎದೆಹಾಲನ್ನು ಮಾತ್ರ ಕುಡಿದ ಕೂಸುಗಳಿಗಿಂತ, ಎದೆಹಾಲಿನೊಡನೆ ನೀರು, ಗಂಜಿ, ಬೇರೆ ಹಾಲುಗಳನ್ನು ಬೆರೆಸಿ ಕುಡಿದ ಕೂಸುಗಳಿಗೇ ಸೋಂಕು ಹೆಚ್ಚೆಂದು ತೋರಿಸಿತು. ಜಾಂಬಿಯಾದ ಲುಸಾಕದಲ್ಲಿ ನಾಲ್ಕನೆಯ ತಿಂಗಳಿಗೇ ಥಟ್ಟನೆ ಬಿಡಿಸಿದ ಕೂಸುಗಳನ್ನೂ ಮುಂದುವರಿಸಿ ಕುಡಿದ ಕೂಸುಗಳನ್ನೂ ಹೋಲಿಸಿ ನೋಡಿದಾಗ, ಸೋಂಕಿಲ್ಲದೆ ಬದುಕುಳಿಯುವ ಲೆಕ್ಕದಲ್ಲಿ ಬೇಗ ಬಿಡಿಸಿದ್ದರಿಂದ ಏನೂ ಲಾಭವಾಗಲಿಲ್ಲವೆಂದು 2008ರಲ್ಲಿ ತಿಳಿಯಬಂದಿತು. ಒಂದು ಕಡೆ ಸೋಂಕು ತಪ್ಪಿದರೆ ಇನ್ನೊಂದು ಕಡೆ ವಾಂತಿಭೇದಿಯೂ ಕೃಶತೆಯೂ ಆ ಕೂಸುಗಳನ್ನೇ ಒಯ್ದವು. 2006ರ ಆದಿಯಲ್ಲಿ ಬೋಟ್ಸ್ವಾನಾದಲ್ಲಿ ಭಾರಿ ಮಳೆಯಾಗಿ ನೀರು ಕೆಟ್ಟಾಗ, ಭೇದಿಯಿಂದ ಆಸ್ಪತ್ರೆ ಸೇರಿದ ಶಿಶುಗಳಲ್ಲಿ ಬಹುಪಾಲು ಪುಡಿಹಾಲಿನ ಶಿಶುಗಳೇ ಆಗಿದ್ದವು. ಇದರ ನಡುವೆ ಔಷಧಿಗಳು ಸುಧಾರಿಸಿದವು. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ, ತಾಯಿಯೋ ಕೂಸೋ ಔಷಧಿಯಲ್ಲಿದ್ದರೆ ಒಂದು ವರ್ಷದವರೆಗೆ ಹಾಲೂಡಿಸಬಹುದೆಂದಿತು; 2016ರಲ್ಲಿ, ಔಷಧಿಯನ್ನು ತಪ್ಪದೆ ನುಂಗುವ ತಾಯಿಯು ಎರಡು ವರ್ಷದವರೆಗೂ ಅದರಾಚೆಗೂ ಊಡಿಸಬಹುದೆಂದಿತು. ಗರ್ಭಿಣಿಯರಿಗೆ ಮೂರು ಔಷಧಿಗಳ ಚಿಕಿತ್ಸೆಯು 2012ರಲ್ಲಿ ಕರ್ನಾಟಕದಲ್ಲಿ ಆರಂಭವಾಗಿ, 2014ರಿಂದ ಆಜೀವ ಚಿಕಿತ್ಸೆಯಾಗಿ ದೇಶದಲ್ಲೆಲ್ಲ ಹರಡಿತು. ಇಂಥ ತಾಯಿ ಹಾಲೂಡಿಸುವ ಕ್ರಮವಿಷ್ಟು: ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಮುಂದೆ ಮನೆಯ ಊಟದೊಡನೆ ಎದೆಹಾಲು. ಕೂಸಿಗೆ ಆರನೆಯ ವಾರದಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ. ಬಿಡಿಸಬೇಕಾದಾಗ ಸುಮಾರು ಒಂದು ತಿಂಗಳು ಹಿಡಿದು ಮೆಲ್ಲಮೆಲ್ಲನೆ. ಇಲ್ಲಿ ಮೆಲ್ಲನೆ ಎಂಬ ಮಾತಿಗೆ ಹೆಚ್ಚಿನ ತೂಕವುಂಟು, ಏಕೆಂದರೆ ಥಟ್ಟನೆ ನಿಲ್ಲಿಸಿದಾಗ ಕಟ್ಟಿಕೊಂಡ ಎದೆಯ ಹಾಲಿನಲ್ಲಿ ವೈರಾಣುವಿನ ಪ್ರಮಾಣವೇ ಏರುತ್ತದೆ.

ಯಾವ ರೋಗಕ್ಕಾದರೂ ಸರಿಯೆ, ಬಿಡಿಸುವ ರೀತಿಯನ್ನು ತಿಳಿಯಬೇಕಾದರೆ ಹಾಲು ಹುಟ್ಟುವ ರೀತಿಯನ್ನು ಮೊದಲು ತಿಳಿಯಬೇಕು. ಎದೆಯು ತುಂಬಿಟ್ಟ ಕೊಡವಲ್ಲ. ತೋಡಿದಷ್ಟೂ ಒಸರುವ ಒರತೆಯದು. ಕೂಸು ಚೀಪಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸವು ರಕ್ತಕ್ಕೆ ಇಳಿದು ಹಾಲನ್ನು ಹುಟ್ಟಿಸುತ್ತದೆ, ಬರಿದಾದ ಎದೆ ಮತ್ತೆ ತುಂಬುತ್ತದೆ, ತುಂಬಿಯೇ ಉಳಿದ ಎದೆ ತಾನಾಗಿ ಉತ್ಪತ್ತಿಯನ್ನು ಕುಗ್ಗಿಸಿಕೊಳ್ಳುತ್ತದೆ. ಈ ಕುಗ್ಗುವಿಕೆಗೆ ಕಾಲ ಬೇಕು. ಆ ಕಾಲವನ್ನು ಕೊಡದೆ ಒಂದೇ ದಿನದಲ್ಲಿ ನಿಲ್ಲಿಸಿದವಳಿಗೆ ಎದೆ ಕಲ್ಲಾಗಿ, ಜ್ವರವೇರಿ, ಮೊದಲೇ ಇದ್ದ ಜಡ್ಡಿನ ಮೇಲೆ ಇನ್ನೊಂದು ಜಡ್ಡು ಕೂಡಿಕೊಳ್ಳುತ್ತದೆ. ಅತ್ತ ಕೂಸಿಗೆ, ಆಹಾರ, ನಿದ್ರೆ, ಸಾಂತ್ವನ ಮೂರೂ ಒಂದೇ ಕಡೆ ದೊರೆಯುತ್ತಿದ್ದ ಜಾಗವು ಬೆಳಗಾಗುವುದರೊಳಗೆ ಬೇವಿನ ಕಹಿಯಾಗಿರುತ್ತದೆ.

ಆದುದರಿಂದ ರೋಗವು ಅವಕಾಶ ಕೊಡುವುದಾದರೆ, ದಿನದ ಊಡಿಕೆಗಳಲ್ಲಿ ಕೂಸಿಗೆ ಅಷ್ಟಾಗಿ ಬೇಡವಾದ ಒಂದನ್ನು, ಸಾಮಾನ್ಯವಾಗಿ ನಡುಹಗಲಿನದನ್ನು, ಮೊದಲು ಬಿಡಿಸಿ ಆ ಹೊತ್ತಿಗೆ ಬೇರೆ ಆಹಾರವನ್ನು ಕೊಡಬೇಕು. ಮೂರು ನಾಲ್ಕು ದಿನ ಕಳೆದು ಎದೆ ಹಗುರಾದಾಗ ಇನ್ನೊಂದನ್ನು ಬಿಡಿಸಬೇಕು. ಹೀಗೆ ಒಂದೊಂದಾಗಿ ತೆಗೆದು ರಾತ್ರಿ ಮಲಗುವಾಗಿನ ಹಾಲನ್ನು ಕಟ್ಟಕಡೆಗೆ ಉಳಿಸಿಕೊಳ್ಳಬೇಕು. ಎದೆ ಬಿಗಿದು ನೋಯುವಾಗ ನೋವು ಇಳಿಯುವಷ್ಟು ಮಾತ್ರ ಹಿಂಡಿ ತೆಗೆಯಬೇಕು, ಪೂರ್ತಿ ಬರಿದು ಮಾಡಬಾರದು. ತಣ್ಣೀರಿನ ಬಟ್ಟೆ ಒಳ್ಳೆಯದು. ಬಿಗಿಯಾಗಿ ಸೆರಗು ಕಟ್ಟುವ ಹಳೆಯ ಪದ್ಧತಿ ಒಳ್ಳೆಯದಲ್ಲ, ಅದು ಹಾಲಿನ ದಾರಿಗಳನ್ನು ಅಮುಕಿ ಬಾವು ಬರಿಸುತ್ತದೆ. ಕೆಂಪು, ಗಂಟು, ಚಳಿಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಹಾಲು ಇಂಗಿಸುವ ಮಾತ್ರೆಗಳುಂಟಾದರೂ ಅವು ರಕ್ತದೊತ್ತಡವುಳ್ಳವರಿಗೂ ಮನೋರೋಗವುಳ್ಳವರಿಗೂ ಅಪಾಯ ತರಬಲ್ಲವಾದ್ದರಿಂದ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು. ಇನ್ನೊಂದು ಮಾತನ್ನು ಹಿರಿಯರು ಸಂಕೋಚದಿಂದ ಹೇಳದೆ ಬಿಡುತ್ತಾರೆ: ಮೊದಲ ಆರು ತಿಂಗಳಲ್ಲಿ, ಮುಟ್ಟು ಮರಳದೆ ಹಗಲಿರುಳು ಕೂಸಿಗೆ ಎದೆಹಾಲನ್ನೇ ಕೊಡುವವಳಿಗೆ ಮತ್ತೆ ಗರ್ಭ ನಿಲ್ಲುವ ಸಂಭವ ಬಹು ಕಡಿಮೆ, ಹಾಲು ಬಿಡಿಸಿದೊಡನೆ ಆ ರಕ್ಷೆಯೂ ಹೋಗುತ್ತದೆ. ಜಡ್ಡಿನಿಂದ ಬಳಲುವವಳ ಮೇಲೆ ಇನ್ನೊಂದು ಬಸಿರು ಬೀಳದಂತೆ ಗಂಡಹೆಂಡಿರು ಮುಂಚೆಯೇ ಆಲೋಚಿಸಬೇಕು.

ಕೂಸನ್ನು ಈ ದಿನಗಳಲ್ಲಿ ಅಜ್ಜಿಯ ಊರಿಗೆ ಅಟ್ಟುವುದಕ್ಕಿಂತ ತಾಯಿಯ ತೊಡೆಯ ಮೇಲೆಯೇ ಇಟ್ಟುಕೊಂಡು, ಎದೆಯ ಬದಲಿಗೆ ಅಪ್ಪುಗೆ, ಹಾಡು, ಮಾತುಗಳನ್ನು ಕೊಡುವುದು ಲೇಸು. ಹಾಲು ಹೋಯಿತು, ಅವ್ವ ಹೋಗಲಿಲ್ಲ ಎಂಬ ನಂಬುಗೆ ಅದಕ್ಕೆ ಹುಟ್ಟಬೇಕು. ಬಾಟಲಿಯನ್ನು ಮನೆಯೊಳಗೆ ತರಲೇಬಾರದು; ಅದರ ತೊಟ್ಟಿನ ಸಂದುಗಳಲ್ಲಿ ಉಳಿಯುವ ಹಾಲಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಒಳಲೆ, ಇಲ್ಲವೆ ಬಟ್ಟಲು ಚಮಚ, ಕುದಿಯುವ ನೀರಿನಲ್ಲಿ ಅದ್ದಿ ತೊಳೆಯಲು ಬರುವಂಥವು. ಆರು ತಿಂಗಳು ತುಂಬಿದ ಕೂಸಿಗೆ ಈ ಸೀಮೆಯ ಹೊಲವೇ ಊಟವನ್ನು ಬೆಳೆಯುತ್ತದೆ: ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಜೋಳದ ನುಚ್ಚು, ಸಜ್ಜೆಯ ಗಂಜಿ, ಅದಕ್ಕೊಂದು ಚಮಚ ಎಣ್ಣೆ ಅಥವಾ ತುಪ್ಪ, ಸೊಪ್ಪು, ತತ್ತಿ, ಬಾಳೆಹಣ್ಣು. ಎದೆಹಾಲಿಲ್ಲದ ಕೂಸಿಗೆ ದಿನಕ್ಕೆ ನಾಲ್ಕೈದು ಬಾರಿ ಊಟವೂ ಅದರ ಜೊತೆಗೆ ಕಾಯಿಸಿದ ಹಾಲೂ ಬೇಕು. ಆರು ತಿಂಗಳೂ ತುಂಬದ ಕೂಸಿನ ಮಾತು ಬೇರೆ. ಅದಕ್ಕೆ ಯಾವ ಹಾಲು, ಎಷ್ಟು ಎಂಬುದನ್ನು ಮಕ್ಕಳ ವೈದ್ಯರೇ ನಿರ್ಣಯಿಸಬೇಕು, ಅಂಗಡಿಯ ಡಬ್ಬಿಯ ಚಿತ್ರವಲ್ಲ. ಶಿಶುವಿನ ಹಾಲಿನ ಪುಡಿಯನ್ನೂ ಬಾಟಲಿಗಳನ್ನೂ ಜಾಹೀರು ಮಾಡುವುದನ್ನು 1992ರ ಕಾಯಿದೆಯು ನಿಷೇಧಿಸಿರುವುದು ಸುಮ್ಮನಲ್ಲ.

ಇಲ್ಲಿಗೆ ನಾವು ಮೊದಲು ಹೇಳಿದ ನೀರಿನ ಬಳಿಗೆ ಮರಳಿ ಬಂದೆವು. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ಅಲ್ಲಿಯ ಜನರ ಹಲ್ಲುಗಳ ಮೇಲೆಯೇ ಬರೆದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನವರೆಗೆ ಇರಬಹುದು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ತಾಯಿಯು ವರ್ಷಗಟ್ಟಲೆ ಕುಡಿದಿದ್ದರೂ ಅವಳ ಹಾಲಿಗೆ ಇಳಿಯುವ ಫ್ಲೋರೈಡು ಅದರ ಒಂದು ಅತ್ಯಲ್ಪಾಂಶ ಮಾತ್ರ. ಆ ದೇಹವು ತನ್ನ ಎಲುಬು ಹಲ್ಲುಗಳಲ್ಲಿ ವಿಷವನ್ನು ಇರಿಸಿಕೊಂಡು ಕೂಸಿಗೆ ಸೋಸಿದ ಹಾಲನ್ನು ಕೊಡುತ್ತದೆ. ಆದರೆ ಅದೇ ಕೂಸಿಗೆ ಅದೇ ನೀರಿನಲ್ಲಿ ಪುಡಿಹಾಲನ್ನು ಕದಡಿ ಕೊಟ್ಟರೆ, ನಡುವೆ ಸೋಸುವ ತಾಯಿಯಿಲ್ಲ. ಬಾವಿಯ ಫ್ಲೋರೈಡೆಲ್ಲ ನೇರವಾಗಿ ಅದರ ಹೊಟ್ಟೆಗೆ ಸೇರುತ್ತದೆ. ಅದೂ ದವಡೆಯೊಳಗೆ ಶಾಶ್ವತ ಹಲ್ಲುಗಳ ದಂತಕವಚವು ರೂಪುಗೊಳ್ಳುತ್ತಿರುವ ಮೊದಲ ವರ್ಷಗಳಲ್ಲಿ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ಹೀಗಾಗಿ ಈ ಎರಡು ತಾಲೂಕುಗಳಲ್ಲಿ ಎದೆಹಾಲು ಬಿಡಿಸುವವರು ಕೂಸಿನ ಗಂಜಿಗೂ ಹಾಲಿಗೂ ನದಿಯ ನೀರನ್ನೋ, ಊರಿನ ಶುದ್ಧ ನೀರಿನ ಘಟಕದ ನೀರನ್ನೋ ತಂದು ಅದನ್ನು ಕುದಿಸಿ ಬಳಸುವುದು ಔಷಧಿಯಷ್ಟೇ ಅಗತ್ಯ. ಗಂಗಾವತಿಯ ಕಾಲುವೆಯ ನೀರಿಗೆ ಭಯವು ಬೇರೆ ತೆರನದು: ಗದ್ದೆಗಳ ನಡುವೆ ಹರಿದುಬಂದ ನೀರಿನಲ್ಲಿ ಕೆಸರೂ ಕ್ರಿಮಿಯೂ ಉಂಟು, ಸೋಸಿ ಕುದಿಸದೆ ಅದು ಶಿಶುವಿನ ಬಾಯಿಗೆ ಹೋಗಕೂಡದು.

ಈ ನಿರ್ಣಯಗಳನ್ನು ಬಾಣಂತಿಯೊಬ್ಬಳ ತಲೆಯ ಮೇಲೆ ಹೇರಿ ಉಳಿದವರು ಸುಮ್ಮನಿರುವುದು ನ್ಯಾಯವಲ್ಲ. ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟವುಂಟು. ತಾಲೂಕು ಆಸ್ಪತ್ರೆಗಳಲ್ಲಿ ಆಪ್ತ ಸಮಾಲೋಚಕರಿದ್ದಾರೆ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ಮಕ್ಕಳ ವೈದ್ಯರನ್ನೂ ತಾಯಿಯ ವೈದ್ಯರನ್ನೂ ಒಂದೇ ದಿನ ಕಾಣಬಹುದು. ಆದರೆ ಕೂಲಿ ತಪ್ಪಿಸಿ, ಬಸ್ಸು ಹಿಡಿದು, ಕೂಸನ್ನೆತ್ತಿಕೊಂಡು ಅಲ್ಲಿಯ ತನಕ ಹೋಗಬೇಕಾದವಳು ಜಡ್ಡಾದವಳೇ ಎಂಬುದನ್ನು ಮರೆಯಬಾರದು. ಗಂಡನು ಜೊತೆಗೆ ಹೋಗಬೇಕು. ಅತ್ತೆಯಾದವಳು ಅಂದಿನ ರೊಟ್ಟಿಯನ್ನು ತಾನು ಬಡಿಯಬೇಕು. ವೈದ್ಯರು ಚೀಟಿ ಬರೆಯುವ ಮುಂಚೆ, ಹಾಲೂಡಿಸುತ್ತಿರುವೆಯೇನವ್ವಾ ಎಂದು ಕೇಳಬೇಕು. ಅವರು ಕೇಳದಿದ್ದರೆ ನಾವು ಹೇಳಬೇಕು.

ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಮೂರು. ಈ ರೋಗಕ್ಕೆ, ಈ ಔಷಧಿಗೆ ಹಾಲು ಬಿಡಿಸಲೇಬೇಕೆ, ಅಥವಾ ಹಾಲಿಗೆ ಒಗ್ಗುವ ಬೇರೆ ಔಷಧಿಯುಂಟೆ? ಬಿಡಿಸಬೇಕಾದರೆ ಎಷ್ಟು ದಿನಕ್ಕೆ, ಎಷ್ಟು ದಿನಗಳಲ್ಲಿ? ಬಿಡಿಸಿದ ಮೇಲೆ ಕೂಸು ಏನನ್ನು ಕುಡಿಯಬೇಕು, ಅದನ್ನು ಯಾವ ನೀರಿನಲ್ಲಿ ಮಾಡಬೇಕು? ಈ ಮೂರಕ್ಕೂ ಉತ್ತರ ದೊರೆತ ಮನೆಯಲ್ಲಿ ತಾಯಿಯು ಹಾಲೂಡಿಸಿದರೂ ಸರಿ, ಬಿಡಿಸಿದರೂ ಸರಿ, ಕೂಸು ಬೆಳೆಯುತ್ತದೆ, ತಾಯಿಯು ಗುಣವಾಗುತ್ತಾಳೆ. ಉತ್ತರ ದೊರೆಯುವ ತನಕ ಬೇವಿನ ಸೊಪ್ಪು ಗಿಡದ ಮೇಲೆಯೇ ಇರಲಿ.